ಟೇಬಲ್ ರೋಸ್ ಹೂ ಬಿಡಬೇಕಾದ್ರೆ ನೀರಿನ ಕೈ ಬಿಗಿ ಇರಲಿ

ಟೇಬಲ್ ರೋಸ್, ಹತ್ತು ಗಂಟೆ ಹೂ, ಪೋರ್ಚುಲಾಕಾ. ಹೆಸರು ಯಾವುದಾದರೂ ಆಗಲಿ, ಈ ಪುಟ್ಟ ಗಿಡ ಅಂದ್ರೆ ನನಗೆ ಪ್ರಾಣ. ಇದರ ಬಗ್ಗೆ ಕೇಳಿಬರುವ ದೂರುಗಳು ಎರಡೇ. ಗಿಡ ಹಸಿರಾಗಿ ಹಬ್ಬಿದೆ, ಹೂವೇ ಇಲ್ಲ. ಇಲ್ಲವೇ ಬುಡ ಕೊಳೆತು ಹೋಯಿತು. ಎರಡಕ್ಕೂ ಕಾರಣ ಬಹಳ ಸಲ ನಮ್ಮ ಅತಿ ಆರೈಕೆಯೇ.

ಇದು ದಕ್ಷಿಣ ಅಮೆರಿಕದ ಗಿಡ. ಅರ್ಜೆಂಟೀನಾ, ಉರುಗ್ವೆ, ದಕ್ಷಿಣ ಬ್ರೆಜಿಲ್ ಕಡೆಯ ಒಣ ನೆಲದಲ್ಲಿ ತಾನಾಗಿ ಬೆಳೆಯುತ್ತದೆ. ಅದರ ಎಲೆ ಒಂದನ್ನು ಚಿವುಟಿ ನೋಡಿ, ಒಳಗೆಲ್ಲ ನೀರೇ. ತನಗೆ ಬೇಕಾದ್ದನ್ನು ಕೂಡಿಟ್ಟುಕೊಂಡಿರುವ ಗಿಡಕ್ಕೆ ನಾವು ದಿನಾ ಸುಮ್ನೆ ನೀರು ಸುರಿದರೆ ಬೇರು ಉಸಿರುಗಟ್ಟದೆ ಇನ್ನೇನಾಗುತ್ತೆ? ಮಣ್ಣಿಗೆ ಧಾರಾಳವಾಗಿ ಮರಳು ಬೆರೆಸಿ, ಕುಂಡದ ತೂತು ಕಟ್ಟಿಕೊಂಡಿಲ್ಲ ಅಂತ ಖಚಿತ ಮಾಡಿಕೊಳ್ಳಿ. ಬೆರಳು ಇಳಿಸಿ ನೋಡಿದಾಗ ಮಣ್ಣು ಒಣಗಿದ್ದರೆ ಮಾತ್ರ ನೀರು. ಗೊಬ್ಬರವೂ ಅಷ್ಟೇ, ಅದರಲ್ಲೂ ಸಾರಜನಕ ಜಾಸ್ತಿಯಾದರೆ ಬರೀ ಎಲೆ ಬರುತ್ತದೆ.

ಆದರೆ ಬಿಸಿಲಿನ ವಿಷಯದಲ್ಲಿ ಜಿಪುಣತನ ಬೇಡ. ದಿನಕ್ಕೆ ಕನಿಷ್ಠ 6 ಗಂಟೆ ನೇರ ಬಿಸಿಲು ಬೀಳಬೇಕು. ಮೊಗ್ಗು ಅರಳುವುದೇ ಬೆಳಕು ಮತ್ತು ಬಿಸಿಗೆ, ಹಾಗಾಗಿ ಮೋಡ ಕವಿದ ದಿನ ಅರೆಬರೆ ಅರಳಿದರೆ ಅಥವಾ ಅರಳದೇ ಇದ್ದರೆ ಗಿಡಕ್ಕೆ ರೋಗ ಬಂತು ಅಂತ ಗಾಬರಿಯಾಗಬೇಡಿ. ಒಂದು ಹೂವಿನ ಆಯಸ್ಸು ಒಂದೇ ದಿನ. ಮಧ್ಯಾಹ್ನದ ಹೊತ್ತಿಗೆ ಮುದುಡುತ್ತದೆ, ಮರುದಿನ ಬೇರೆ ಮೊಗ್ಗಿನ ಸರದಿ.

ಹೂ ಪೂರ್ತಿ ಅರಳಿದಾಗ ಒಂದು ಕೆಲಸ ಮಾಡಿ. ತೆಳ್ಳನೆಯ ಹುಲ್ಲುಕಡ್ಡಿಯಿಂದ ನಡುವಿನ ಹಳದಿ ಕೇಸರಗಳನ್ನು ಮೆಲ್ಲಗೆ ಒಂದು ಪಕ್ಕದಿಂದ ಮುಟ್ಟಿ. ಮುಟ್ಟಿದ ಕಡೆಗೇ ಅವು ವಾಲುತ್ತವೆ, ಕಣ್ಣೆದುರೇ! ಜೇನುಹುಳು ಬಂದು ಕೂತಾಗಲೂ ಹೀಗೇ ವಾಲಿ ಅದರ ಮೈಗೆ ಪರಾಗ ಮೆತ್ತುತ್ತವೆ. ನಾನು ಎಷ್ಟು ಸಲ ನೋಡಿದರೂ ಇದು ಹಳತಾಗಿಲ್ಲ.

ಹೂ ಬರುವುದು ಕೊಂಬೆಯ ತುದಿಯಲ್ಲಿ. ಅಂದ್ರೆ ಕೊಂಬೆ ಹೆಚ್ಚಿದಷ್ಟೂ ಹೂ ಹೆಚ್ಚು, ಅಲ್ವಾ? ಉದ್ದಕ್ಕೆ ಬೋಳಾಗಿ ಬೆಳೆದ ಕಡ್ಡಿಗಳನ್ನು ಧೈರ್ಯವಾಗಿ ಕತ್ತರಿಸಿ, ಕೆಳಗಿನಿಂದ ಹೊಸ ಕವಲು ಒಡೆಯುತ್ತವೆ. ಕತ್ತರಿಸಿದ್ದನ್ನು ಎಸೆಯಬೇಡಿ, ಕೆಳಗಿನ ಎಲೆ ತೆಗೆದು ಸ್ವಲ್ಪ ತೇವದ ಮರಳುಮಣ್ಣಿಗೆ ಚುಚ್ಚಿದರೆ ಒಂದೆರಡು ವಾರದಲ್ಲಿ ಬೇರು ಬಿಡುತ್ತದೆ. ಬಿಳಿ ಹಿಟ್ಟು ತಿಗಣೆ ಕಂಡರೆ ಸೋಪಿನ ನೀರಿಗೆ ಸ್ವಲ್ಪವೇ ಬೇವಿನೆಣ್ಣೆ ಸೇರಿಸಿ ಸಂಜೆ ಹೊತ್ತು ಸಿಂಪಡಿಸಿ, ಉರಿ ಬಿಸಿಲಲ್ಲಿ ಬೇಡ.

ಬೀಜ ಬೇಕು ಅನ್ನುವವರು ಬಾಡಿದ ಹೂವಿನ ಬುಡದಲ್ಲಿರುವ ಕಾಯಿಯ ಮೇಲೆ ಕಣ್ಣಿಡಿ. ಬಲಿತಾಗ ಅದರ ಮೇಲ್ಭಾಗ ಡಬ್ಬಿಯ ಮುಚ್ಚಳದ ಹಾಗೆ ಕಳಚಿಕೊಳ್ಳುತ್ತದೆ, ಒಳಗೆ ಉಕ್ಕಿನ ಬಣ್ಣದ ಧೂಳಿನಂಥ ಬೀಜಗಳು. ಮುಚ್ಚಳ ಬಿತ್ತೆಂದರೆ ಬೀಜವೂ ಚೆಲ್ಲಿತು ಅಂತಲೇ ಲೆಕ್ಕ, ಅದಕ್ಕೆ ಕಾಯಿ ಒಣಗುವಾಗಲೇ ಕಿತ್ತು ಕಾಗದದ ಮೇಲೆ ಇಡಬೇಕು. ಬಿತ್ತುವಾಗ ಮೇಲೆ ಮಣ್ಣು ಮುಚ್ಚಬೇಡಿ, ಮೊಳೆಯಲು ಬೆಳಕು ಬೇಕು. ಮಣ್ಣಿನ ಮೇಲೆ ಉದುರಿಸಿ, ಅಂಗೈಯಲ್ಲಿ ಮೆಲ್ಲಗೆ ಒತ್ತಿ, ನೀರು ಚಿಮುಕಿಸಿದರೆ ಸಾಕು.