ದನಿ ವಾಪಸ್ ತರುವ ಕೆಲಸ: ಅನುಪಲ್ಲವಿಯವರೆಗೆ ಬಂದೆ

ಜನವರಿ

ನಾನು ಕರ್ನಾಟಕ ಸಂಗೀತ ಹಾಡುವವಳು. ದನಿ ಕೆಟ್ಟಿದ್ದಕ್ಕೆ ಕಾರಣ ಕೊನೆಗೂ ಗೊತ್ತಾಯಿತು. ಇಎನ್‌ಟಿ ಡಾಕ್ಟರು ಗಂಟಲಿಗೆ ಕ್ಯಾಮೆರಾ ಇಳಿಸಿ ನೋಡಿದರು. ಗಂಟು ಇಲ್ಲ, ಅದೊಂದು ಸಮಾಧಾನ. ಅಸ್ತಮಾಗೆ ಎಳೆದುಕೊಳ್ಳುವ ಸ್ಟಿರಾಯ್ಡ್ ಪುಡಿಯಿಂದ ಧ್ವನಿತಂತುಗಳು ಕೆಂಪಾಗಿದ್ದವು, ಹಾಡುವಾಗ ಪೂರ್ತಿ ಕೂಡುತ್ತಿರಲಿಲ್ಲ. ಮೇಲೆ ಬಿಳಿ ಫಂಗಸ್ ಬೇರೆ. ಇನ್‌ಹೇಲರ್ ಔಷಧಿಯಲ್ಲಿ ಸಾಕಷ್ಟು ಪಾಲು ಶ್ವಾಸಕೋಶ ಮುಟ್ಟದೆ ಬಾಯಿ, ಗಂಟಲಲ್ಲೇ ಕೂರುತ್ತದೆ. ಹಾಡುವವರಿಗೆ ಇದನ್ನು ಮೊದಲೇ ಹೇಳಬೇಕು, ಅಲ್ವಾ? ನನಗೆ ಯಾರೂ ಹೇಳಿರಲಿಲ್ಲ. ಅದರ ಬೇಜಾರು ಇನ್ನೂ ಇದೆ.

ಹಾಗಂತ ಇನ್‌ಹೇಲರ್ ಬಿಡಲಿಲ್ಲ. ನೀವೂ ಡಾಕ್ಟರನ್ನು ಕೇಳದೆ ಬಿಡಬೇಡಿ. ಪುಡಿಯ ಬದಲು ಸ್ಪ್ರೇ ಬರುವ ಪಂಪ್ ಬರೆದುಕೊಟ್ಟರು, ಜೊತೆಗೆ ಸ್ಪೇಸರ್, ಅಂದರೆ ಪಂಪ್‌ಗೂ ಬಾಯಿಗೂ ನಡುವೆ ಹಿಡಿಯುವ ಕೊಳವೆ. ದಪ್ಪ ಹನಿಗಳು ಸ್ಪೇಸರ್ ಒಳಗೇ ಉಳಿಯುತ್ತವೆ. ಪ್ರತಿ ಸಲ ಬಾಯಿ, ಗಂಟಲು ಎರಡನ್ನೂ ನೀರಿನಿಂದ ಮುಕ್ಕಳಿಸಿ ಉಗಿಯಬೇಕು. ಫಂಗಸ್‌ಗೆ ಬೇರೆ ಔಷಧಿ.

ಮಾರ್ಚ್

ಮಾತು ಸರಿಯಾಯಿತು, ಹಾಡು ಆಗಲಿಲ್ಲ. ನನ್ನದು ಐದೂವರೆ ಮನೆ ಶ್ರುತಿ (ಹಾಡಿಗೆ ಆಧಾರವಾದ ‘ಸ’ದ ಎತ್ತರ; ಮನೆ ಹೆಚ್ಚಿದಷ್ಟೂ ದನಿ ಮೇಲೆ). ಪಂಚಮ (ಪ) ದಾಟಿದರೆ ಬರೀ ಗಾಳಿ.

ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ವಾಯ್ಸ್ ಥೆರಪಿಗೆ ಹೋದೆ. ಅಲ್ಲಿ ಕಲಿತದ್ದು ಸ್ಟ್ರಾ ಅಭ್ಯಾಸ. ಲೋಟದ ನೀರಲ್ಲಿ ಸ್ಟ್ರಾ ಅದ್ದಿ, ಗುಳ್ಳೆ ಬರುವ ಹಾಗೆ ‘ಊ’ ಅನ್ನುವುದು. ನೀರು ಗಾಳಿಯನ್ನು ಸ್ವಲ್ಪ ಹಿಂದಕ್ಕೆ ಒತ್ತುತ್ತದೆ. ಅದರಿಂದ ತಂತುಗಳು ಜೋರಾಗಿ ಬಡಿದುಕೊಳ್ಳದೆ ನಿಧಾನಕ್ಕೆ ಕೂಡುತ್ತವೆ. ಗುಳ್ಳೆ ಒಂದೇ ಸಮ ಬಂದರೆ ಉಸಿರೂ ಒಂದೇ ಸಮ ಇದೆ ಅಂತ ಲೆಕ್ಕ.

ಗುರುಗಳು ಶ್ರುತಿಯನ್ನು ನಾಲ್ಕೂವರೆಗೆ ಇಳಿಸಿದರು. “ಜಂಟಿ ವರಸೆ ಸದ್ಯಕ್ಕೆ ಮುಟ್ಟಬೇಡಮ್ಮ” ಅಂದರು. ಜಂಟಿಯಲ್ಲಿ ಪ್ರತಿ ಸ್ವರವನ್ನೂ ಜೋಡಿಯಾಗಿ (ಸಸ ರಿರಿ) ಹಾಡುವಾಗ ಎರಡನೇ ಸ್ವರಕ್ಕೆ ಒತ್ತು ಬೀಳುತ್ತದಲ್ಲ, ಅದು ಈಗ ಬೇಡ. ಹಾಗಾಗಿ ಸರಳೆ (ಸರಿಗಮದ ಮೊದಲ ಪಾಠ) ಮಾತ್ರ, ಅದೂ ಅಕಾರದಲ್ಲಿ, ಅಂದರೆ ಬರೀ ‘ಆ’ ಅನ್ನುತ್ತಾ, ಮೊದಲ ಕಾಲದಲ್ಲಿ, ಅಂದರೆ ನಿಧಾನವಾಗಿ.

ಸರಳೆ ಹಾಡುವ ರಾಗ ಮಾಯಾಮಾಳವಗೌಳವನ್ನು ಚಿಕ್ಕಂದಿನಿಂದ ಹಾಡಿದ್ದೇನೆ, ಆದರೆ ಅದರ ಅಂತರಗಳನ್ನು ಗಂಟಲಲ್ಲಿ ಇಷ್ಟು ಸ್ಪಷ್ಟವಾಗಿ ಅನುಭವಿಸಿರಲಿಲ್ಲ. ಸ–ರಿ, ಗ–ಮ, ಪ–ದ, ನಿ–ಸ ಎಲ್ಲ ಹತ್ತಿರ ಹತ್ತಿರ. ಅಲ್ಲಿ ದನಿ ಸಲೀಸಾಗಿ ಸಾಗುತ್ತದೆ. ರಿಷಭದಿಂದ ಗಾಂಧಾರಕ್ಕೆ (ರಿ–ಗ) ದೂರ ಜಾಸ್ತಿ, ಸರಿಯಾಗಿ ಅಲ್ಲೇ ಒಡೆಯುತ್ತಿತ್ತು. ಧೈವತದಿಂದ ನಿಷಾದಕ್ಕೂ (ದ–ನಿ) ಅದೇ ಕಥೆ. ಆ ಎರಡು ಜಾಗಗಳನ್ನೇ ಹಿಡಿದು ಕೂತೆ. ಜೋರು ಮಾಡಲಿಲ್ಲ. ಗಟ್ಟಿಯಾಗಿ ಹಾಡಿ ದನಿ ಬಿಡಿಸಿಕೊಳ್ಳಬಹುದು ಅನ್ನುವವರಿದ್ದಾರೆ, ಊದಿಕೊಂಡ ಗಂಟಲಿಗೆ ಅದು ಖಂಡಿತ ಒಳ್ಳೆಯದಲ್ಲ.

ಜೂನ್

ರಿ–ಗ ಈಗ ಒಡೆಯುವುದಿಲ್ಲ! ಮಂದ್ರ ಪಂಚಮ (ಕೆಳಗಿನ ಪ) ಮೊದಲಿಗಿಂತ ತುಂಬಿ ಬರುತ್ತಿದೆ. ಮೊನ್ನೆ ಮೋಹನ ರಾಗದ ಒಂದು ಪುಟ್ಟ ಕೃತಿ ಎತ್ತಿಕೊಂಡೆ. ಪಲ್ಲವಿ ಆರಾಮಾಗಿ ಆಯಿತು. ಪಲ್ಲವಿಯ ನಂತರದ ಭಾಗವಾದ ಅನುಪಲ್ಲವಿಯಲ್ಲಿ ತಾರ ಷಡ್ಜ (ಮೇಲಿನ ಸ) ಸಿಕ್ಕಿತು, ತೆಳ್ಳಗೆ, ಆದರೆ ಶ್ರುತಿಗೆ ಸೇರಿ. ಖುಷಿಗೆ ಅಳು ಬಂತು. ಎಳೆದು ನಿಲ್ಲಿಸಲು ಇನ್ನೂ ಆಗುವುದಿಲ್ಲ. ಬೇಗದ ಸಂಗತಿಗಳನ್ನು (ಒಂದೇ ಸಾಲನ್ನು ಬದಲಿಸಿ ಬದಲಿಸಿ ಹಾಡುವುದು) ಬಿಟ್ಟುಬಿಟ್ಟೆ.

ಮುಂದಿನ ಕೆಲಸ ಐದು ಮನೆಗೆ ಏರುವುದು. ಅದಕ್ಕೂ ಮೊದಲು ಇನ್ನೊಮ್ಮೆ ಕ್ಯಾಮೆರಾ ಇಳಿಸಿ ನೋಡಬೇಕಂತೆ. ತಂತುಗಳು ಸರಿಯಾಗಿ ಕೂಡುತ್ತಿವೆ ಅಂದರೆ ಜಂಟಿ ಶುರು. ಅಲ್ಲಿವರೆಗೆ ಕಛೇರಿ ಒಪ್ಪಿಕೊಳ್ಳುತ್ತಿಲ್ಲ, ಬೀದಿಯ ಭಜನೆಗೆ ಮಾತ್ರ ಹೋಗುತ್ತಿದ್ದೇನೆ.