ಹೇಂಟೆಯ ದನಿ ಕೇಳಿ ಬಂದವನು

ಅಮೆರಿಕದ ಮಿಸ್ಸೂರಿ ರಾಜ್ಯದಲ್ಲಿ ವಸಂತದ ಟರ್ಕಿ ಕೋಳಿ ಬೇಟೆ ಶುರುವಾಗುವುದು ಏಪ್ರಿಲ್‌ನ ಮೂರನೇ ಸೋಮವಾರ. ನನ್ನ ಅಭ್ಯಾಸ ಮಾತ್ರ ಜನವರಿಯಲ್ಲೇ ಶುರು, ಅದೂ ಕಾರಿನಲ್ಲಿ. ಆಫೀಸಿಗೆ ಹೋಗಿ ಬರುವ ದಾರಿಯಲ್ಲಿ ಡಯಾಫ್ರಮ್ ಕಾಲ್ (ಹಕ್ಕಿಯ ದನಿ ಹೊರಡಿಸುವ ಸಾಧನ) ಬಾಯೊಳಗೆ ಇಟ್ಟುಕೊಂಡು ಹೇಂಟೆಯ ಹಾಗೆ ಕೂಗುತ್ತೇನೆ. ಲಾಳದ ಆಕಾರದ ಪುಟ್ಟ ಚೌಕಟ್ಟು, ಅದಕ್ಕೆ ಬಿಗಿದ ತೆಳ್ಳನೆಯ ಲೇಟೆಕ್ಸ್, ಸುತ್ತ ಟೇಪು. ನಾಲಿಗೆಯಿಂದ ಅಂಗುಳಿಗೆ ಒತ್ತಿ ಹಿಡಿದು ಹೊಟ್ಟೆಯಿಂದ ಗಾಳಿ ಬಿಡಬೇಕು. ಮೊದಮೊದಲು ವಾಕರಿಕೆ ಬರುತ್ತದೆ. ಆಮೇಲೆ ಬರೀ ಸಿಳ್ಳೆ. ಬಿಡದೆ ಮಾಡುತ್ತಾ ಹೋದರೆ ಯಾವತ್ತೋ ಒಂದು ದಿನ ಆ ಸಿಳ್ಳೆ ಎರಡಾಗಿ ಒಡೆಯುತ್ತದೆ. ಮೇಲೆ ತೆಳುವಾಗಿ ಹುಟ್ಟಿ ಕೆಳಗೆ ಒರಟಾಗಿ ಬೀಳುತ್ತದೆ. ಅದೇ ಯೆಲ್ಪ್, ಹೇಂಟೆ ಕರೆಯುವ ಕೂಗು.

ಮನೆಯಲ್ಲಿ ಸ್ಲೇಟ್ ಕಾಲ್ ಇದೆ. ಅಂಗೈಯಗಲದ ಬಿಲ್ಲೆ. ಸ್ಲೇಟನ್ನು ಸ್ಯಾಂಡ್‌ಪೇಪರಿನಿಂದ ಉಜ್ಜಿ ಒರಟು ಮಾಡಿ, ಮರದ ಕಡ್ಡಿಯನ್ನು ಪೆನ್ನಿನ ಹಾಗೆ ಹಿಡಿದು ಸಣ್ಣ ಸಣ್ಣ ಸುತ್ತು ಎಳೆಯಬೇಕು. ಮೆಲ್ಲಗೆ ಎಳೆದರೆ ನೆಮ್ಮದಿಯಾಗಿ ಮೇಯುತ್ತಿರುವ ಹೇಂಟೆಯ ಗುರುಗುರು ಸದ್ದು. ಬಾಕ್ಸ್ ಕಾಲ್ ಇನ್ನೂ ಸುಲಭ. ಮುಚ್ಚಳಕ್ಕೆ ಸೀಮೆಸುಣ್ಣ ತಿಕ್ಕಿ ಮರದ ಪೆಟ್ಟಿಗೆಯ ಅಂಚಿಗೆ ಉಜ್ಜಿದರೆ ಆಯ್ತು, ಗಾಳಿಯ ದಿನವೂ ದೂರಕ್ಕೆ ಕೇಳುತ್ತದೆ. ಆದರೆ ಮಳೆಯಲ್ಲಿ ನೆನೆದರೆ ದನಿಯೇ ಇಲ್ಲ.

ನನಗೆ ನಿಜವಾಗಿ ಕಲಿಸಿದ್ದು ಮಗಳು. ಕಾಡಿನ ಹೇಂಟೆಗಳ ರೆಕಾರ್ಡಿಂಗ್ ಫೋನಿನಲ್ಲಿ ಹಾಕಿ, ಆಮೇಲೆ ನನ್ನದು ಕೇಳಿ ಹೇಳಿದಳು: "ಅಪ್ಪಾ, ಸದ್ದು ಸರಿಯಾಗೇ ಇದೆ. ಆದ್ರೆ ಅವು ನಿಲ್ಲಿಸ್ತಾವೆ. ನೀನು ನಿಲ್ಲಿಸೋದೇ ಇಲ್ಲ." ಎಷ್ಟು ಸರಿಯಾದ ಮಾತು! ದನಿ ಸ್ವಲ್ಪ ಹೆಚ್ಚುಕಮ್ಮಿ ಆದರೂ ನಡೆಯುತ್ತದೆ, ಲಯ ಮತ್ತು ಬಿಡುವು ತಪ್ಪಬಾರದು. ಸಾಮಾನ್ಯವಾಗಿ ಗಂಡು ಟರ್ಕಿ ಗಾಬಲ್ ಮಾಡುತ್ತದೆ, ಅಂದರೆ ಗಟ್ಟಿಯಾಗಿ ಕೂಗಿ ಕರೆಯುತ್ತದೆ, ಹೇಂಟೆ ಅದನ್ನು ಹುಡುಕಿಕೊಂಡು ಹೋಗುತ್ತದೆ. ನಾವು ಹೇಂಟೆಯ ದನಿಯಲ್ಲಿ ಕರೆದು ಗಂಡೇ ಬರಲಿ ಅಂತ ಕೂರುತ್ತೇವೆ. ಇದು ಅದರ ಸ್ವಭಾವಕ್ಕೆ ಉಲ್ಟಾ. ಅದಕ್ಕೇ ಅದು ಅರ್ಧ ದಾರಿಯಲ್ಲಿ ನಿಂತು, ಬಾಲ ಬಿಚ್ಚಿ, ಇವಳೇ ಬರಲಿ ಅಂತ ಕಾಯುತ್ತದೆ. ಆಗ ಜಾಸ್ತಿ ಕೂಗಿದವನು ಕೆಟ್ಟ. ಸುಮ್ಮನಿರಬೇಕು.

ಊರಿಗೆ ಫೋನ್ ಮಾಡಿ ಬೇಟೆ ಅಂದರೆ ಅಣ್ಣ ಬೆಚ್ಚಿಬೀಳುತ್ತಾನೆ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಬೇಟೆ ಅಂದ್ರೆ ಅಪರಾಧವೇ ಅಲ್ವಾ? ಇಲ್ಲಿಯ ಕಥೆ ಬೇರೆ. 1950ರ ದಶಕದ ಶುರುವಿನಲ್ಲಿ ಇಡೀ ಮಿಸ್ಸೂರಿಯಲ್ಲಿ ಉಳಿದಿದ್ದದ್ದು ಕೆಲವೇ ಸಾವಿರ ಟರ್ಕಿಗಳು. ಬೇಟೆ ಅದಕ್ಕೂ ಮೊದಲೇ ನಿಂತಿತ್ತು. ಉಳಿದ ಹಕ್ಕಿಗಳನ್ನು ಬಲೆ ಹಾರಿಸಿ ಹಿಡಿದು, ಬೇರೆ ಬೇರೆ ಕಾಡುಗಳಿಗೆ ಬಿಟ್ಟರು. 1960ರಲ್ಲಿ ಮತ್ತೆ ಬೇಟೆ ಶುರುವಾಯಿತು. ಇವತ್ತಿಗೂ ನಮ್ಮ ಪರ್ಮಿಟ್ ಹಣ ಸಂರಕ್ಷಣಾ ಇಲಾಖೆಗೆ ಹೋಗುತ್ತದೆ. ಒಬ್ಬರಿಗೆ ವಸಂತದಲ್ಲಿ ಎರಡೇ ಹಕ್ಕಿ, ಮೊದಲ ವಾರ ಒಂದೇ. ಇಷ್ಟು ಜತನದಿಂದ ಉಳಿಸಿದ ಹಕ್ಕಿಯ ಕಾಡಿಗೆ ಹೋಗುವವನು ಮರ್ಯಾದೆಯಿಂದ ನಡೆದುಕೊಳ್ಳಬೇಕು ಅಂತ ನಾನು ಬಯಸುವುದು ಅದಕ್ಕೇ.

ನಾನು ಹೋಗುವುದು ಮಾರ್ಕ್ ಟ್ವೇನ್ ರಾಷ್ಟ್ರೀಯ ಅರಣ್ಯಕ್ಕೆ. ಸುಮಾರು 15 ಲಕ್ಷ ಎಕರೆ, ಎಲ್ಲರಿಗೂ ಸೇರಿದ್ದು. ಕಳೆದ ಸೀಸನ್ನಿನ ಎರಡನೇ ಶನಿವಾರ ಇನ್ನೂ ಕತ್ತಲಿರುವಾಗ ಕಾರು ನಿಲ್ಲಿಸಿದೆ. ಅಲ್ಲಿ ಬೇರೆ ಗಾಡಿ ಇರಲಿಲ್ಲ. ದಿಬ್ಬದ ನೆತ್ತಿ ಹತ್ತಿ, ಬೆನ್ನಿಗಿಂತ ಅಗಲವಾದ ಓಕ್ ಮರಕ್ಕೆ ಒರಗಿ ಕೂತೆ. ಮರ ಅಗಲ ಇರಲೇಬೇಕು, ಹಿಂದಿನಿಂದ ಬರುವ ಗುಂಡಿಗೆ ಅದೇ ಗುರಾಣಿ. ದೂರದಲ್ಲಿ ಗೂಬೆ ಕೂಗಿತು. ಅದಕ್ಕೆ ಉತ್ತರವಾಗಿ ಕಣಿವೆಯ ಆಚೆ ಬದಿಯ ಮರದಿಂದ ಗಂಡು ಗಾಬಲ್ ಮಾಡಿತು. ಗೂಬೆಯ ಕೂಗಿಗೆ ಅದಕ್ಕೆ ತಡೆಯಲಾಗುವುದಿಲ್ಲ. ನಾನು ಮೆಲ್ಲಗೆ ಎರಡು ಮೂರು ಯೆಲ್ಪ್ ಕೊಟ್ಟೆ. ಅದು ಮರದಿಂದ ಇಳಿಯಿತು. ಮತ್ತೆ ಗಾಬಲ್, ಈ ಸಲ ಹತ್ತಿರ. ನಾನು ಬಾಯಿ ಮುಚ್ಚಿಕೊಂಡೆ.

ಆಗ ಕೆಳಗಡೆಯಿಂದ ಬಾಕ್ಸ್ ಕಾಲ್ ಶುರುವಾಯಿತು. ಜೋರಾಗಿ, ಉಸಿರೇ ಬಿಡದೆ. ಮೊದಲು ಕಣಿವೆಯಲ್ಲಿ, ಆಮೇಲೆ ದಿಬ್ಬದ ಬದಿಯಲ್ಲಿ. ಗಂಡು ತಣ್ಣಗಾಯಿತು. ಇನ್ನೊಬ್ಬ ಕರೆಯುತ್ತಿರುವ ಹಕ್ಕಿಗೆ ಅಡ್ಡ ಬರುವುದು ಕೆಟ್ಟ ನಡತೆ, ಅದನ್ನಾದರೂ ನುಂಗಿಕೊಳ್ಳಬಹುದು. ಆದರೆ ಪೊದೆಯ ನಡುವೆ ಬಗ್ಗಿ ಬಗ್ಗಿ ನನ್ನ ಕಡೆಗೇ ಬರುತ್ತಿದ್ದ ಮನುಷ್ಯ ಕಂಡಾಗ ಮೈ ನಡುಗಿತು. ಎರಡೂ ಕೈಯಲ್ಲಿ ಬಂದೂಕು. ಅವನು ಹುಡುಕುತ್ತಿದ್ದದ್ದು ನನ್ನ ದನಿಯನ್ನು.

ಬೇಟೆ ತರಬೇತಿಯಲ್ಲಿ ಇದನ್ನೇ ಒತ್ತಿ ಒತ್ತಿ ಹೇಳುತ್ತಾರೆ. ಹಕ್ಕಿಯ ಸದ್ದನ್ನು ಹಿಂಬಾಲಿಸಬೇಡಿ, ಅದು ಮನುಷ್ಯನದ್ದಿರಬಹುದು. ಕೆಂಪು, ಬಿಳಿ, ನೀಲಿ ತೊಡಬೇಡಿ, ಗಂಡು ಟರ್ಕಿಯ ತಲೆಯಲ್ಲಿ ಇರುವುದು ಅವೇ ಬಣ್ಣ. ಯಾರಾದರೂ ಹತ್ತಿರ ಬಂದರೆ ಕೈ ಬೀಸಬೇಡಿ, ಕಾಲ್ ಊದಬೇಡಿ, ಮನುಷ್ಯರ ದನಿಯಲ್ಲಿ ಗಟ್ಟಿಯಾಗಿ ಮಾತಾಡಿ. ಕೈಕಾಲು ಅಲ್ಲಾಡಿಸದೆ ಕೂಗಿದೆ: "ನಿಲ್ಲಿ! ಇಲ್ಲಿ ಮನುಷ್ಯ ಇದ್ದೀನಿ!"

ಅವನು ನಿಂತ. ಬಂದೂಕು ಕೆಳಗಿಳಿಸಿದ. ಕ್ಷಮೆ ಕೇಳಲಿಲ್ಲ. "ಹೇಂಟೆ ಇದ್ದ ಕಡೆ ಗಂಡೂ ಇರುತ್ತೆ ಅಂದ್ಕೊಂಡೆ" ಅಂದ. ಕೆಳಗೆ ನನ್ನ ಕಾರು ನೋಡಲಿಲ್ಲವಾ ಅಂತ ಕೇಳಿದೆ. ನೋಡಿದ್ದನಂತೆ, ಅದರ ಪಕ್ಕದಲ್ಲೇ ತನ್ನ ಟ್ರಕ್ ನಿಲ್ಲಿಸಿ ಬಂದಿದ್ದನಂತೆ. "ಇದು ಸರ್ಕಾರಿ ಕಾಡು. ನಿನಗೆಷ್ಟು ಹಕ್ಕಿದೆಯೋ ನನಗೂ ಅಷ್ಟೇ ಇದೆ."

ಹಕ್ಕಿನ ಮಾತು ಸರಿ. ಅದನ್ನು ನಾನು ಅವನಿಗೂ ಹೇಳಿದೆ. ಆದರೆ ಮೊದಲೇ ಒಂದು ಗಾಡಿ ನಿಂತಿದ್ದರೆ ಬೇರೆ ದಿಬ್ಬಕ್ಕೆ ಹೋಗುವುದು ಇಲ್ಲಿಯ ಹಳೆಯ ರೂಢಿ. ಯಾವ ಕಾನೂನೂ ಅದನ್ನು ಹೇಳುವುದಿಲ್ಲ, ನಿಜ. ಮೈತುಂಬ ಎಲೆ ಬಣ್ಣದ ಬಟ್ಟೆ, ಮುಖಕ್ಕೂ ಪರದೆ, ಬಾಯಲ್ಲಿ ಹಕ್ಕಿಯ ದನಿ. ಹೀಗೆ ಕೂತವನನ್ನು ಕಾಪಾಡುವುದು ಇನ್ನೊಬ್ಬ ಬೇಟೆಗಾರನ ಸೌಜನ್ಯ ಒಂದೇ. "ನನ್ನ ಹಕ್ಕಿ ಹೋಯಿತು ಅನ್ನೋ ಸಿಟ್ಟಲ್ಲ ಇದು, ನೀವು ನನಗೆ ಗುಂಡು ಹೊಡೆಯಬಹುದಿತ್ತು" ಅಂದೆ. ಅವನು ನೆಲ ನೋಡಿದ. ಏನೂ ಹೇಳದೆ ಇಳಿದು ಹೋದ.

ಸೀಸನ್ನಿಗೆ ಮೊದಲೇ ರಸ್ತೆ ಬದಿ ಟ್ರಕ್ ನಿಲ್ಲಿಸಿ, ಕಿಟಕಿಯಿಂದ ಯೆಲ್ಪ್ ಮಾಡಿ ಗಂಡು ಉತ್ತರ ಕೊಡುತ್ತದೆಯೇ ಅಂತ ನೋಡುವವರೂ ಇದ್ದಾರೆ. ಅವರಿಗೆ ಅದೊಂದು ಮಜಾ. ಹಕ್ಕಿ ಮಾತ್ರ ಬೇಗ ಕಲಿಯುತ್ತದೆ, ಏಪ್ರಿಲ್ ಬರುವಷ್ಟರಲ್ಲಿ ಎಂಥ ಒಳ್ಳೆಯ ಕೂಗಿಗೂ ದೂರ ಸರಿಯುತ್ತದೆ. ಕಾರಿನಲ್ಲಿ, ಗ್ಯಾರೇಜಿನಲ್ಲಿ ಅಭ್ಯಾಸ ಮಾಡಿ ಸ್ವಾಮಿ, ಕಾಡಿನಲ್ಲಿ ಬೇಡ.

ಆ ಶನಿವಾರದಿಂದ ಡ್ಯಾಶ್‌ಬೋರ್ಡ್ ಮೇಲೆ ಚೀಟಿ ಇಟ್ಟು ಹೋಗುತ್ತೇನೆ. ಯಾವ ದಿಬ್ಬದಲ್ಲಿದ್ದೇನೆ, ಎಷ್ಟು ಹೊತ್ತಿನ ತನಕ ಇರುತ್ತೇನೆ ಅಂತ ದಪ್ಪಕ್ಷರದಲ್ಲಿ ಬರೆದಿರುತ್ತೇನೆ.

ಬರುವ ಏಪ್ರಿಲ್‌ನಲ್ಲಿ ಮಗಳೂ ಬರುತ್ತಾಳಂತೆ, ಸುಮ್ನೆ ಪಕ್ಕದಲ್ಲಿ ಕೂತು ಕೇಳುವುದಕ್ಕೆ. ಯೆಲ್ಪ್ ಅವಳಿಗೆ ಆಗಲೇ ಚೆನ್ನಾಗಿ ಬರುತ್ತದೆ. ಈಗ ಹಿತ್ತಲಿನಲ್ಲಿ ಇನ್ನೊಂದನ್ನು ಅಭ್ಯಾಸ ಮಾಡಿಸುತ್ತಿದ್ದೇನೆ. ಪೊದೆಯ ಹಿಂದಿನಿಂದ ನಾನು ಬರುತ್ತೇನೆ. ಅವಳು ಮರಕ್ಕೆ ಒರಗಿ, ಒಂದು ಬೆರಳೂ ಅಲ್ಲಾಡಿಸದೆ, ಪಕ್ಕದ ಮನೆಗೂ ಕೇಳುವಷ್ಟು ಗಟ್ಟಿಯಾಗಿ ಕೂಗಬೇಕು.