“ಇಷ್ಟ ಇಲ್ಲದಿದ್ರೆ ಮಾರ್ಬಹುದಲ್ವಾ ಸರ್?”

ಮಂಗಳವಾರದ ಎಜಿಎಂ, ಅಂದರೆ ಷೇರುದಾರರ ವಾರ್ಷಿಕ ಸಭೆ, ಇನ್ನೂ ತಲೆಯಿಂದ ಹೋಗಿಲ್ಲ. ಕಂಪನಿ ಚಿಕ್ಕದು, ಹೆಸರು ಬೇಡ. ಷೇರಿನ ಬೆಲೆ 80 ರೂಪಾಯಿ ಆಸುಪಾಸು. ಸಾಲವನ್ನೆಲ್ಲ ಕಳೆದರೂ ಒಂದು ಷೇರಿನ ಪಾಲಿಗೆ 110 ರೂಪಾಯಿಯಷ್ಟು ನಗದು, ಎಫ್‌ಡಿ ಇದೆ. ನಡೆಯುತ್ತಿರುವ ಕಾರ್ಖಾನೆಗೆ ಪೇಟೆ ಬೆಲೆಯನ್ನೇ ಕಟ್ಟಿಲ್ಲ.

ಆನ್‌ಲೈನ್ ಸಭೆಯಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ವಾರ್ಷಿಕ ವರದಿಯ ಪುಟವನ್ನೇ ಕ್ಯಾಮೆರಾಗೆ ಹಿಡಿದರು. ಎಫ್‌ಡಿ ಸಾಲಿಗೆ ಕೆಂಪು ಪೆನ್ನಿನ ಗೆರೆ. “ಇಷ್ಟು ದುಡ್ಡು ಸುಮ್ನೆ ಕೂತಿದೆ, ನಮಗೆ ಡಿವಿಡೆಂಡ್ ಯಾಕೆ ಬರೀ ಒಂದು ರೂಪಾಯಿ?” ಡಿವಿಡೆಂಡ್ ಅಂದರೆ ಕಂಪನಿ ಷೇರುದಾರರಿಗೆ ಹಂಚುವ ಲಾಭದ ಪಾಲು. ಅಧ್ಯಕ್ಷರು ನಕ್ಕರು. “ಇಷ್ಟ ಇಲ್ಲದಿದ್ರೆ ಮಾರ್ಬಹುದಲ್ವಾ ಸರ್?” ಮೇಷ್ಟ್ರು ಬಾಯಿ ತೆರೆಯುವಷ್ಟರಲ್ಲಿ ಮೈಕ್ ಮ್ಯೂಟ್.

ಮಾರ್ಬಹುದಲ್ವಾ ಅಂತೆ! ಯಾವ ಬೆಲೆಗೆ? ಪೆಟ್ಟಿಗೆಯಲ್ಲಿ 110 ಇಟ್ಟುಕೊಂಡು 80 ತಗೊಂಡು ಹೊರಡಿ ಅನ್ನುವವರು ಎಂಥ ಮನುಷ್ಯರು?

ಅಗ್ಗದ ಷೇರು ಹುಡುಕಿ ಕೊಳ್ಳುವುದಕ್ಕೆ ಹೆಸರಾದ ಅಮೆರಿಕದ ಹೂಡಿಕೆದಾರ ಬೆಂಜಮಿನ್ ಗ್ರಹಾಂಗೂ ಇದೇ ಉತ್ತರ ಸಿಕ್ಕಿತ್ತು. 1926ರಲ್ಲಿ ಅಮೆರಿಕದ ನಾರ್ದರ್ನ್ ಪೈಪ್‌ಲೈನ್ ಷೇರು ಸುಮಾರು 65 ಡಾಲರ್. ಸರ್ಕಾರಿ ಕಡತ ತಿರುವಿದಾಗ ಷೇರಿಗೆ 95 ಡಾಲರ್‌ನಷ್ಟು ಬಾಂಡ್, ನಗದು ಇರುವುದು ಅವರ ಕಣ್ಣಿಗೆ ಬಿತ್ತು. ಹಂಚಿ ಅಂದರು. ಹಿಡಿಸದಿದ್ದರೆ ಮಾರಿ ಅಂದರು ಆಡಳಿತದವರು. ಮುಂದಿನ ಸಭೆಯಲ್ಲಿ ಗ್ರಹಾಂ ಮಾತನ್ನು ಅನುಮೋದಿಸಲು ಒಬ್ಬರೂ ಇರಲಿಲ್ಲ. ಆದರೂ ಬಿಡದೆ ಬೇರೆ ಷೇರುದಾರರ ಪ್ರಾಕ್ಸಿ (ಅವರ ಪರವಾಗಿ ಮತ ಹಾಕುವ ಅಧಿಕಾರ) ಕೂಡಿಸಿ 1928ರಲ್ಲಿ ಬೋರ್ಡಿಗೇ ಬಂದರು, ಷೇರಿಗೆ 70 ಡಾಲರ್ ಹಂಚಿಕೆಯೂ ಆಯಿತು.

ನಮ್ಮ ಮೇಷ್ಟ್ರಿಗೆ ಆ ದಾರಿ ಇಲ್ಲ. ಇಲ್ಲಿ 70 ಶೇಕಡಾಕ್ಕಿಂತ ಜಾಸ್ತಿ ಷೇರು ಪ್ರೊಮೋಟರ್, ಅಂದರೆ ಕಂಪನಿಯನ್ನು ಹಿಡಿತದಲ್ಲಿಟ್ಟುಕೊಂಡಿರುವ, ಕುಟುಂಬದ್ದೇ. 2020ರಿಂದ ಡಿವಿಡೆಂಡ್ ತೆರಿಗೆ ಪಡೆಯುವವರ ಮೇಲೇ ಬೀಳುತ್ತದೆ, ಹಾಗಾಗಿ ದೊಡ್ಡ ಪಾಲಿನವರಿಗೆ ಹಂಚುವ ಆಸೆಯೂ ಕಮ್ಮಿ. ಅಗ್ಗ ಅಂತ ಕಾಣುವ ಇಂಥ ಷೇರು ವರ್ಷಗಟ್ಟಲೆ ಅಗ್ಗವಾಗಿಯೇ ಇರುವುದಕ್ಕೆ ಇದೇ ಕಾರಣ ಅಂತ ನನಗನ್ನಿಸುತ್ತೆ. ದುಡ್ಡು ಎಷ್ಟಿದೆ ಅಂತ ನೋಡಿ ಕೊಳ್ಳುತ್ತೇವೆ, ಅದು ಯಾರ ಕೈಯಲ್ಲಿದೆ ಅಂತ ನೋಡಲ್ಲ.

ಒಂದೇ ಕಡೆ ನಮ್ಮ ಮಾತು ನಡೆಯುತ್ತದೆ. ಷೇರುಪೇಟೆಯಲ್ಲಿರುವ ಲಿಸ್ಟೆಡ್ ಕಂಪನಿ ತನ್ನವರ ಜೊತೆಗೇ ದೊಡ್ಡ ಮೊತ್ತದ ವ್ಯವಹಾರ ಮಾಡಬೇಕಾದರೆ, ಷೇರುಪೇಟೆಯ ನಿಯಂತ್ರಕ ಸೆಬಿಯ ನಿಯಮದ ಪ್ರಕಾರ ಆ ನಿರ್ಣಯಕ್ಕೆ ಪ್ರೊಮೋಟರ್‌ಗಳು ತಾವೇ ಒಪ್ಪಿಗೆಯ ಮತ ಹಾಕುವಂತಿಲ್ಲ. ಈ ಸಲದ ನೋಟಿಸಿನಲ್ಲೂ ಅಂಥದ್ದೊಂದಿತ್ತು: ಇದೇ ಎಫ್‌ಡಿ ದುಡ್ಡಿನಲ್ಲಿ ಕುಟುಂಬದ ಇನ್ನೊಂದು ಕಂಪನಿಗೆ ಸಾಲ. ಗುರುವಾರ ಫಲಿತಾಂಶ ಬಂತು, ಪಾಸ್. ಹೊರಗಿನ ಷೇರುದಾರರಲ್ಲಿ ಹೆಚ್ಚಿನವರು ಮತವನ್ನೇ ಹಾಕಿಲ್ಲ. ದಯವಿಟ್ಟು ಹಾಕಿ. ಷೇರು ಇಟ್ಟಿರುವ ಡಿಮ್ಯಾಟ್ ಖಾತೆಯ ಲಾಗಿನ್‌ನಿಂದಲೇ ಆಗುತ್ತೆ, ಐದು ನಿಮಿಷದ ಕೆಲಸ.